ರೆಫರೆನ್ಸ್ ಹಾಡಿಗೆ ನಮ್ಮ ಹಾಡಿನ ಟೋನ್ ಹೊಂದಿಸುವುದು: ಮ್ಯಾಚ್ ಈಕ್ಯೂ ಗೆರೆಯನ್ನು ಓದುವ ಬಗೆ

(ಮನೆಯಲ್ಲೇ ಹಾಡು ರೆಕಾರ್ಡ್ ಮಾಡಿ ಮಿಕ್ಸ್ ಮಾಡುವ ಗಾಯಕರು ಮತ್ತು ವಾದ್ಯಗಾರರಿಗಾಗಿ ಶಿವಮೊಗ್ಗದಲ್ಲಿ ಕೊಟ್ಟ ಉಪನ್ಯಾಸದ ಬರಹ ರೂಪ. ಪರದೆಯ ಮೇಲೆ ತೋರಿಸಿದ್ದನ್ನು ಇಲ್ಲಿ ಅಂಕಿಗಳಲ್ಲಿ ಹೇಳಿದೆ.)

ಎಲ್ಲರಿಗೂ ನಮಸ್ಕಾರ.

ಇಲ್ಲಿ ಕೂತವರಲ್ಲಿ ಹೆಚ್ಚಿನವರು ಭಾವಗೀತೆ, ದೇವರನಾಮ, ರಂಗಗೀತೆ, ಯಕ್ಷಗಾನದ ಪದ ಇಂಥವನ್ನು ಮನೆಯಲ್ಲೇ ರೆಕಾರ್ಡ್ ಮಾಡುವವರು. ಒಂದು ಲ್ಯಾಪ್‌ಟಾಪ್, ಎರಡು ಚಾನೆಲ್ಲಿನ ಇಂಟರ್‌ಫೇಸ್, ಒಂದು ಕಂಡೆನ್ಸರ್ ಮೈಕ್, ಒಂದು ಹೆಡ್‌ಫೋನ್, ಅಷ್ಟರಲ್ಲಿ ಕೆಲಸ ಸಾಗುತ್ತದೆ. ಮಿಕ್ಸ್ ಮುಗಿದ ಮೇಲೆ ಇಷ್ಟದ ಆಲ್ಬಂ ಒಂದರ ಪಕ್ಕದಲ್ಲಿಟ್ಟು ಕೇಳಿದರೆ ವ್ಯತ್ಯಾಸ ಗೊತ್ತಾಗುತ್ತದೆ. ಅಲ್ಲಿ ದನಿ ಮುಂದೆ ಬಂದು ನಿಂತಿದೆ, ಇಲ್ಲಿ ಮಂಕಾಗಿದೆ. ಅಲ್ಲಿ ತಬಲಾದ ಡಗ್ಗ ಗುಂಡಗೆ ಕೇಳುತ್ತದೆ, ಇಲ್ಲಿ ಬರೀ ಗುಂಯ್ ಅನ್ನುತ್ತದೆ. ಬೇಸ್, ಮಿಡ್, ಟ್ರೆಬಲ್ ಒಂದಕ್ಕೊಂದು ಎಷ್ಟೆಷ್ಟು ಪಾಲಿನಲ್ಲಿವೆ ಅನ್ನುವುದನ್ನೇ ಟೋನಲ್ ಬ್ಯಾಲೆನ್ಸ್ ಅನ್ನುತ್ತೇವೆ. ಆ ಪಾಲನ್ನು ಇನ್ನೊಂದು ಹಾಡಿನಂತೆ ಮಾಡಿಕೊಡುತ್ತೇನೆ ಎಂದು ಹೇಳುವ ಸಾಫ್ಟ್‌ವೇರ್ ಈಗ ಹಲವು ಇವೆ. ಈಕ್ಯೂ ಅಂದರೆ ಈಕ್ವಲೈಜರ್, ಬೇರೆ ಬೇರೆ ಫ್ರೀಕ್ವೆನ್ಸಿಗಳನ್ನು (ಸದ್ದಿನ ಕಂಪನಗಳನ್ನು) ಏರಿಸಿ ಇಳಿಸುವ ಸಾಧನ. ಲಾಜಿಕ್ ಪ್ರೋ ಎಂಬ ರೆಕಾರ್ಡಿಂಗ್ ಸಾಫ್ಟ್‌ವೇರ್ ಜೊತೆಯಲ್ಲೇ ಮ್ಯಾಚ್ ಈಕ್ಯೂ ಬರುತ್ತದೆ. ಫ್ಯಾಬ್‌ಫಿಲ್ಟರ್ ಪ್ರೋ-ಕ್ಯೂ ಒಳಗೆ ಈಕ್ಯೂ ಮ್ಯಾಚ್ ಇದೆ, ಐಝೋಟೋಪ್ ಓಝೋನ್‌ನಲ್ಲಿ ಮ್ಯಾಚ್ ಈಕ್ಯೂ ಇದೆ.

ಈ ಎಲ್ಲದರ ಕೆಲಸದ ರೀತಿ ಒಂದೇ. ರೆಫರೆನ್ಸ್ ಹಾಡನ್ನು, ಅಂದರೆ ನಾವು ಮಾದರಿಯಾಗಿ ಇಟ್ಟುಕೊಂಡ ಹಾಡನ್ನು ಕೇಳಿಸಿಕೊಂಡು, ಯಾವ ಫ್ರೀಕ್ವೆನ್ಸಿಯಲ್ಲಿ ಸರಾಸರಿ ಎಷ್ಟು ಶಕ್ತಿ ಇದೆ ಎಂದು ಒಂದು ಗೆರೆ ಎಳೆಯುತ್ತವೆ. ನಮ್ಮ ಹಾಡಿಗೂ ಅಂಥದ್ದೇ ಗೆರೆ. ಒಂದರಿಂದ ಇನ್ನೊಂದನ್ನು ಕಳೆದರೆ ಉಳಿಯುವುದೇ ಈಕ್ಯೂ ಗೆರೆ. ಅಂದರೆ ಆ ಗೆರೆಗೆ ವ್ಯತ್ಯಾಸ ಎಷ್ಟು ಎಂದು ಗೊತ್ತು, ಯಾಕೆ ಎಂದು ಗೊತ್ತಿಲ್ಲ. ತಕ್ಕಡಿ ತೂಕ ಹೇಳುತ್ತದೆ. ಚೀಲದಲ್ಲಿ ಅಡಿಕೆ ಇದೆಯೋ ಕಾಳುಮೆಣಸು ಇದೆಯೋ ನಾವೇ ಬಿಚ್ಚಿ ನೋಡಬೇಕು. ಇವತ್ತಿನ ಮಾತೆಲ್ಲ ಆ ಬಿಚ್ಚಿ ನೋಡುವ ಕೆಲಸದ ಬಗ್ಗೆ. ಗೆರೆಯ ಯಾವ ಭಾಗ ನಿಜವಾಗಿ ಟೋನ್‌ಗೆ ಸೇರಿದ್ದು, ಯಾವ ಭಾಗ ಶ್ರುತಿಯಿಂದ, ವಾದ್ಯಗಳಿಂದ, ಮಳೆಯ ಸದ್ದಿನಿಂದ ಬಂದದ್ದು ಎಂದು ಬೇರೆ ಮಾಡಲು ಕಲಿತರೆ ಈ ಸಾಫ್ಟ್‌ವೇರ್ ಬಹಳ ಉಪಯೋಗಕ್ಕೆ ಬರುತ್ತದೆ. ಕಲಿಯದೆ ಬಟನ್ ಒತ್ತಿದರೆ ಚೆನ್ನಾಗಿದ್ದ ಹಾಡೂ ಕೆಡುತ್ತದೆ.

ಮೊದಲು ರೆಫರೆನ್ಸ್ ಆರಿಸುವ ವಿಷಯ. ಇಲ್ಲೇ ಅರ್ಧ ಕೆಲಸ ಮುಗಿಯುತ್ತದೆ ಅಥವಾ ಕೆಡುತ್ತದೆ. "ನನಗೆ ಇಷ್ಟವಾದ ಹಾಡು" ಅನ್ನುವುದು ಸಾಕಾಗುವುದಿಲ್ಲ. ವಾದ್ಯಗಳು ಹತ್ತಿರ ಹತ್ತಿರ ಅವೇ ಇರಬೇಕು. ಗಂಡು ದನಿಗೆ ಗಂಡು ದನಿ, ಹೆಣ್ಣು ದನಿಗೆ ಹೆಣ್ಣು ದನಿ. ಹಾರ್ಮೋನಿಯಂ, ತಬಲಾ, ಕೊಳಲು ಇರುವ ಭಾವಗೀತೆಯನ್ನು ಡ್ರಮ್ಸ್ ಮತ್ತು ಬೇಸ್ ಗಿಟಾರ್ ತುಂಬಿದ ಸಿನಿಮಾ ಹಾಡಿಗೆ ಮ್ಯಾಚ್ ಮಾಡಲು ಹೋದರೆ, ಇಲ್ಲದ ಬೇಸ್ ಗಿಟಾರನ್ನು ಡಗ್ಗದಿಂದ ಹೊರಡಿಸಲು ಸಾಫ್ಟ್‌ವೇರ್ ಹೆಣಗುತ್ತದೆ. ಒಂದೇ ಹಾಡನ್ನು ನಂಬಬೇಡಿ, ಮೂರು ಹಾಡು ಇಟ್ಟುಕೊಳ್ಳಿ. ಮೂರರಲ್ಲೂ ಒಂದೇ ದಿಕ್ಕಿಗೆ ಹೋಗುವ ವ್ಯತ್ಯಾಸ ಮಾತ್ರ ನಿಮ್ಮ ಮಿಕ್ಸಿನದು. ಒಂದರಲ್ಲಿ ಕಂಡು ಇನ್ನೆರಡರಲ್ಲಿ ಕಾಣದ್ದು ಆ ಒಂದು ಹಾಡಿನದು. ಐಝೋಟೋಪ್‌ನ ಟೋನಲ್ ಬ್ಯಾಲೆನ್ಸ್ ಕಂಟ್ರೋಲ್ ಇದ್ದವರು ಹಾಡುಗಳ ಒಂದು ಫೋಲ್ಡರ್ ಕೊಟ್ಟು ತಮ್ಮದೇ ಟಾರ್ಗೆಟ್ ಮಾಡಿಕೊಳ್ಳಬಹುದು. ಅದರಲ್ಲಿ ಮೊದಲೇ ಬರುವ ಟಾರ್ಗೆಟ್‌ಗಳು ಪಾಪ್, ಆರ್ಕೆಸ್ಟ್ರಾ ಇಂಥ ಪಾಶ್ಚಾತ್ಯ ಸಂಗೀತಕ್ಕೆ ಮಾಡಿದವು. ಸುಗಮ ಸಂಗೀತವನ್ನು ಆ ಪಟ್ಟಿಯೊಳಗೆ ತುರುಕಬಾರದು.

ಫೈಲ್ ಯಾವುದು ಅನ್ನುವುದೂ ಮುಖ್ಯ. ಸಿಡಿಯಿಂದ ತೆಗೆದ ವೇವ್ ಅಥವಾ ಫ್ಲ್ಯಾಕ್ ಆಗಬೇಕು. 128 ಕೆಬಿಪಿಎಸ್ ಎಂಪಿ3ಯಲ್ಲಿ ಸಾಮಾನ್ಯವಾಗಿ 16 ಕಿಲೋಹರ್ಟ್ಜ್ ಮೇಲಿನದನ್ನು ಕತ್ತರಿಸಿರುತ್ತಾರೆ. ಸಾಫ್ಟ್‌ವೇರ್‌ಗೆ ಅದು ಫೈಲ್ ಚಿಕ್ಕದು ಮಾಡಲು ಹಾಕಿದ ಕತ್ತರಿ ಎಂದು ತಿಳಿಯುವುದಿಲ್ಲ, ಹಾಡಿನ ಸ್ವಭಾವವೇ ಹಾಗೆ ಎಂದುಕೊಂಡು ನಿಮ್ಮ ಹಾಡಿನ ಮೇಲ್ತುದಿಯನ್ನೂ ಕತ್ತರಿಸುತ್ತದೆ. ಎಂಪಿ3 ಬಿಟ್ಟರೆ ಬೇರೆ ಗತಿಯಿಲ್ಲ ಅನ್ನುವಾಗ 14 ಕಿಲೋಹರ್ಟ್ಜ್‌ಗಿಂತ ಮೇಲೆ ಗೆರೆ ಏನೇ ಹೇಳಲಿ, ಬಿಟ್ಟುಬಿಡಿ.

ಇನ್ನು ಶ್ರುತಿ. ಮ್ಯಾಚ್ ಈಕ್ಯೂ ಬಗ್ಗೆ ಇಂಟರ್ನೆಟ್ಟಿನಲ್ಲಿ ಸಿಗುವ ಪಾಠಗಳಲ್ಲಿ ಈ ವಿಷಯ ಕಾಣುವುದು ಅಪರೂಪ. ಆದರೆ ನಮ್ಮ ಸಂಗೀತಕ್ಕೆ ಇದಕ್ಕಿಂತ ದೊಡ್ಡ ತೊಡಕು ಇನ್ನೊಂದಿಲ್ಲ. ಪಾಶ್ಚಾತ್ಯ ಪಾಪ್ ಹಾಡಿನಲ್ಲಿ ಕಾರ್ಡ್‌ಗಳು (ಒಟ್ಟಿಗೆ ನುಡಿಸುವ ಸ್ವರಗಳ ಗುಂಪು) ಬದಲಾಗುತ್ತಾ ಹೋಗುವುದರಿಂದ ಸರಾಸರಿ ತೆಗೆದಾಗ ಸ್ವರಗಳು ಹರಡಿಕೊಳ್ಳುತ್ತವೆ. ನಮ್ಮಲ್ಲಿ ತಂಬೂರಿ ಅಥವಾ ಶ್ರುತಿಪೆಟ್ಟಿಗೆ ಮೊದಲಿಂದ ಕೊನೆವರೆಗೆ ಒಂದೇ ಸ, ಒಂದೇ ಪ ಹಿಡಿದು ನಿಂತಿರುತ್ತದೆ. ತಬಲಾವೂ ಅದೇ ಸಕ್ಕೆ ಸೇರಿರುತ್ತದೆ. ಗಾಯಕರೂ ಹೆಚ್ಚು ಹೊತ್ತು ನಿಲ್ಲುವುದು ಸ ಮತ್ತು ಪ ಮೇಲೆಯೇ. ಹಾಗಾಗಿ ಸರಾಸರಿ ಗೆರೆಯಲ್ಲಿ ಶ್ರುತಿಯ ಸ್ವರಗಳು ಎತ್ತರದ ಶಿಖರಗಳಾಗಿ ಉಳಿದುಬಿಡುತ್ತವೆ.

ಒಂದು ಉದಾಹರಣೆಯನ್ನು ಹತ್ತಿರದಿಂದ ನೋಡೋಣ. ರೆಫರೆನ್ಸ್ ಹಾಡು ಕಪ್ಪು 1ರಲ್ಲಿ ಇದೆ ಅನ್ನಿ, ಅಂದರೆ ಹಾರ್ಮೋನಿಯಂನ ಮೊದಲ ಕಪ್ಪು ಮನೆ, ಸಿ ಶಾರ್ಪ್. ಅದರ ಸ 138.6 ಮತ್ತು 277.2 ಹರ್ಟ್ಜ್‌ನಲ್ಲಿ, ಪ 207.7 ಮತ್ತು 415.3ರಲ್ಲಿ. ನಿಮ್ಮ ಹಾಡು ಕಪ್ಪು 5ರಲ್ಲಿ, ಎ ಶಾರ್ಪ್. ನಿಮ್ಮ ಸ 233.1ರಲ್ಲಿ, ಪ 349.2ರಲ್ಲಿ. ಈಗ ಎರಡನ್ನೂ ಒಂದೇ ಸಾಲಿನಲ್ಲಿ ಬರೆದುಕೊಳ್ಳಿ: 207.7 ಅವರದು, 233.1 ನಮ್ಮದು, 277.2 ಅವರದು, 349.2 ನಮ್ಮದು, 415.3 ಅವರದು. ಒಂದು ಬಿಟ್ಟು ಒಂದು ಬಂದಿದೆ. ಸಾಫ್ಟ್‌ವೇರ್ ಏನು ಮಾಡುತ್ತದೆ? 233ರಲ್ಲಿ ನಮ್ಮದು ಹೆಚ್ಚು, ರೆಫರೆನ್ಸ್‌ನಲ್ಲಿ ಕಡಿಮೆ, ಆದ್ದರಿಂದ ತಗ್ಗಿಸು. 349ರಲ್ಲೂ ತಗ್ಗಿಸು. 277ರಲ್ಲಿ, 415ರಲ್ಲಿ ಏರಿಸು. ಅಂದರೆ ನಿಮ್ಮ ಹಾಡಿನ ಆಧಾರ ಷಡ್ಜ ಪಂಚಮಗಳನ್ನೇ ಹುಡುಕಿ ಹುಡುಕಿ ತಗ್ಗಿಸಿ, ಅವುಗಳ ನಡುವಿನ ಸ್ವರಗಳನ್ನು ಎತ್ತುತ್ತದೆ. ಕಪ್ಪು 5ರ ಲೆಕ್ಕದಲ್ಲಿ 277.2 ಅಂದರೆ ಕೋಮಲ ಗಾಂಧಾರ, 415.3 ಕೋಮಲ ನಿಷಾದ. ಗಾಯಕಿ ಆ ಸ್ವರ ಮುಟ್ಟಿದಾಗಲೆಲ್ಲ ಅದು ಚಿಮ್ಮಿ ಕೇಳುತ್ತದೆ, ಸಕ್ಕೆ ಮರಳಿದಾಗ ದನಿ ಸೊರಗುತ್ತದೆ. ಶ್ರುತಿ ಕೆಡುವುದಿಲ್ಲ, ಆದರೆ ಕೇಳುವವರಿಗೆ ಶ್ರುತಿಯ ಮೇಲೆ ನಿಂತ ನೆಮ್ಮದಿ ಹೋಗಿರುತ್ತದೆ. ಯಾಕೆ ಎಂದು ಅವರಿಗೆ ಹೇಳಲು ಬರುವುದಿಲ್ಲ.

ಇದಕ್ಕೆ ಪರಿಹಾರ ಎರಡು. ರೆಫರೆನ್ಸ್ ಆದಷ್ಟು ಅದೇ ಶ್ರುತಿಯದ್ದು, ಹೆಚ್ಚೆಂದರೆ ಒಂದು ಮನೆ ಆಚೀಚೆ ಇರಲಿ. ಅಂಥದ್ದು ಸಿಗದಿದ್ದರೆ ಸ್ಮೂತಿಂಗ್, ಅಂದರೆ ಗೆರೆಯನ್ನು ನಯಗೊಳಿಸುವ ಪ್ರಮಾಣ, ಏರಿಸಿ. ಲಾಜಿಕ್‌ನಲ್ಲಿ ಈ ಸ್ಮೂತಿಂಗ್ ಸೆಮಿಟೋನ್ ಲೆಕ್ಕದಲ್ಲೇ ಇದೆ. 1 ಅಂದರೆ ಹಾರ್ಮೋನಿಯಂನ ಒಂದು ಮನೆಯಷ್ಟು ಅಗಲ, 12 ಅಂದರೆ ಒಂದು ಸಪ್ತಕ. ನಮ್ಮ ಉದಾಹರಣೆಯಲ್ಲಿ ಶಿಖರಗಳ ನಡುವೆ 2ರಿಂದ 4 ಮನೆ ಅಂತರ ಇರುವುದರಿಂದ 4 ಇಟ್ಟರೆ ಅಲೆ ಪೂರ್ತಿ ಅಳಿಯುವುದಿಲ್ಲ. 12ಕ್ಕೆ ಇಡಿ. ಗೆರೆ ಒಮ್ಮೆಲೇ ನಯವಾಗಿ, ಎರಡೋ ಮೂರೋ ದೊಡ್ಡ ಏರಿಳಿತ ಮಾತ್ರ ಉಳಿಯುತ್ತವೆ. ನಿಮಗೆ ಬೇಕಾದದ್ದು ಅಷ್ಟೇ. ಓಝೋನ್‌ನಲ್ಲೂ ಸ್ಮೂತಿಂಗ್ ಸ್ಲೈಡರ್ ಇದೆ. ಪ್ರೋ-ಕ್ಯೂ ಆದರೆ ಎಷ್ಟು ಬ್ಯಾಂಡ್ (ಗೆರೆಯ ಒಂದೊಂದು ಏರು ಅಥವಾ ಇಳಿತ) ಬೇಕು ಎಂದು ಕೇಳುತ್ತದೆ. ನಾಲ್ಕೋ ಐದೋ ಸಾಕು, ಹದಿನೈದು ಇಪ್ಪತ್ತು ಬೇಡವೇ ಬೇಡ.

ಈಗ ಸಲಕರಣೆ ಜೋಡಿಸುವುದು. ರೆಫರೆನ್ಸ್ ಹಾಡನ್ನು ಪ್ರಾಜೆಕ್ಟಿನಲ್ಲೇ ಬೇರೆ ಟ್ರ್ಯಾಕ್ ಮೇಲೆ ಹಾಕಿ. ಆದರೆ ಅದು ನಿಮ್ಮ ಮಾಸ್ಟರ್ (ಎಲ್ಲ ಟ್ರ್ಯಾಕ್‌ಗಳು ಬಂದು ಸೇರುವ ಕೊನೆಯ ಚಾನೆಲ್) ಮೇಲಿನ ಪ್ಲಗ್‌ಇನ್‌ಗಳ ಮೂಲಕ ಹಾಯಬಾರದು. ರೀಪರ್ ಎಂಬ ರೆಕಾರ್ಡಿಂಗ್ ಸಾಫ್ಟ್‌ವೇರ್‌ನಲ್ಲಿ ಆ ಟ್ರ್ಯಾಕಿನ ಮಾಸ್ಟರ್ ಸೆಂಡ್ ಟಿಕ್ ತೆಗೆದು ನೇರವಾಗಿ ಹಾರ್ಡ್‌ವೇರ್ ಔಟ್‌ಪುಟ್‌ಗೆ ಕಳಿಸಿದರೆ ಆಯಿತು. ಇದನ್ನು ಮರೆತರೆ ರೆಫರೆನ್ಸ್‌ಗೂ ನಿಮ್ಮ ಕಂಪ್ರೆಸರ್ (ಜೋರು ಮತ್ತು ಸಣ್ಣ ಸದ್ದಿನ ಅಂತರ ತಗ್ಗಿಸುವುದು), ಲಿಮಿಟರ್ (ಸದ್ದು ಮಿತಿ ದಾಟದಂತೆ ತಡೆಯುವುದು) ಎಲ್ಲ ಹತ್ತಿ, ಎರಡನ್ನೂ ಹೋಲಿಸುವುದಕ್ಕೇ ಅರ್ಥ ಉಳಿಯುವುದಿಲ್ಲ.

ಆಮೇಲೆ ಮಟ್ಟ ಸರಿಮಾಡಿ. ಬಿಡುಗಡೆಯಾದ ಹಾಡು ಲಿಮಿಟರ್ ಹಾಕಿಸಿಕೊಂಡು ಬಂದಿರುತ್ತದೆ, ನಿಮ್ಮ ಮಿಕ್ಸ್‌ಗಿಂತ ಜೋರಾಗಿರುತ್ತದೆ. ಯೂಲೀನ್ ಲೌಡ್‌ನೆಸ್ ಮೀಟರ್‌ನ ಉಚಿತ ಆವೃತ್ತಿ ಹಾಕಿ ಎರಡರ ಇಂಟಿಗ್ರೇಟೆಡ್ ಎಲ್‌ಯುಎಫ್‌ಎಸ್ (ಇಡೀ ಹಾಡು ಸರಾಸರಿ ಎಷ್ಟು ಜೋರು ಎಂಬ ಅಳತೆ) ನೋಡಿ. ಅದು ಮೈನಸ್ 9, ನಿಮ್ಮದು ಮೈನಸ್ 16 ಎಂದು ತೋರಿಸಿದರೆ ರೆಫರೆನ್ಸ್ ಅನ್ನೇ 7 ಡೆಸಿಬೆಲ್ ಇಳಿಸಿ. ನಿಮ್ಮದನ್ನು ಏರಿಸಬೇಡಿ, ಹೆಡ್‌ರೂಮ್, ಅಂದರೆ ಸದ್ದು ಒಡೆಯುವ ಮಟ್ಟಕ್ಕೆ ಮುಂಚೆ ಉಳಿದ ಜಾಗ, ಹೋಗುತ್ತದೆ. ಕಿವಿಯ ಸ್ವಭಾವವೇ ಹೀಗೆ: ಸದ್ದು ಸಣ್ಣದಾದಷ್ಟೂ ಬೇಸ್ ಮತ್ತು ತೀರಾ ಮೇಲಿನ ಟ್ರೆಬಲ್ ಕಡಿಮೆ ಕೇಳುತ್ತವೆ. ಫ್ಲೆಚರ್ ಮತ್ತು ಮನ್ಸನ್ 1933ರಲ್ಲೇ ಇದನ್ನು ಅಳೆದು ತೋರಿಸಿದರು. ಮಟ್ಟ ಸರಿಮಾಡದೆ ಹೋಲಿಸಿದರೆ ಜೋರಾಗಿರುವ ಹಾಡಿನಲ್ಲಿ ಬೇಸ್ ಹೆಚ್ಚಿದೆ ಅನ್ನಿಸುತ್ತದೆ, ನೀವು ಬೇಡದ ಬೇಸ್ ಏರಿಸುತ್ತೀರಿ.

ಭಾಗಕ್ಕೆ ಭಾಗ ಹೋಲಿಸಿ. ಪಲ್ಲವಿಗೆ ಪಲ್ಲವಿ, ಚರಣಕ್ಕೆ ಚರಣ, ಕೊಳಲಿನ ಬಿಟ್‌ಗೆ ಅಂಥದ್ದೇ ಬಿಟ್. ಕಡಿಮೆಯೆಂದರೆ 30 ಸೆಕೆಂಡ್ ಕೇಳಿಸಿ. ಆರಂಭದ ಆಲಾಪ, ಕೊನೆಯ ಫೇಡ್‌ಔಟ್, ನಡುವಿನ ಮೌನ ಬೇಡ. ಅಳತೆ ಮಾಡುವಾಗ ನಿಮ್ಮ ಮಾಸ್ಟರ್ ಮೇಲಿನ ಲಿಮಿಟರ್ ಆಫ್ ಇರಲಿ.

ಗೆರೆಗಳನ್ನು ಕಣ್ಣಾರೆ ನೋಡಲು ವೋಕ್ಸೆಂಗೋ ಸ್ಪ್ಯಾನ್ ಸಾಕು, ಅದು ಉಚಿತ. ಬ್ಲಾಕ್ ಸೈಜ್ 8192 ಇಡಿ. 44.1 ಕಿಲೋಹರ್ಟ್ಜ್ ಸ್ಯಾಂಪಲ್ ರೇಟಿನಲ್ಲಿ ಅದು 5.4 ಹರ್ಟ್ಜ್‌ಗೆ ಒಂದು ಬಿಂದು ಕೊಡುತ್ತದೆ, ಡಗ್ಗದ ಕೆಳಭಾಗ ಓದಲು ಅಷ್ಟು ಬೇಕು. ಸ್ಲೋಪ್ 4.5 ಡೆಸಿಬೆಲ್ ಅದರಲ್ಲೇ ಬಂದಿರುತ್ತದೆ, ಹಾಗೇ ಬಿಡಿ. ಸಂಗೀತದಲ್ಲಿ ಮೇಲೆ ಹೋದಂತೆ ಶಕ್ತಿ ಕಡಿಮೆಯಾಗುವುದು ಸಹಜ. ಆ ಓರೆಯನ್ನು ಸರಿದೂಗಿಸಿ ಗೆರೆಯನ್ನು ಸುಮಾರು ಮಟ್ಟವಾಗಿ ತೋರಿಸಲು ಈ ಸ್ಲೋಪ್ ಇರುವುದು. ಸ್ಮೂತಿಂಗ್ 1/3 ಆಕ್ಟೇವ್ ಇಡಿ, ಆವರೇಜ್ ಟೈಮ್ ಉದ್ದಕ್ಕೆ ಎಳೆಯಿರಿ.

ಈಗ ಪರದೆ ನೋಡಿ. ಹೆಣ್ಣು ದನಿ, ಹಾರ್ಮೋನಿಯಂ, ತಬಲಾ, ಕೊಳಲು, ಹಿಂದೆ ತಂಬೂರಿ ಇರುವ ಒಂದು ಭಾವಗೀತೆಯನ್ನು ಮ್ಯಾಚ್ ಮಾಡಿದಾಗ ಬರುವಂಥ ಗೆರೆ ಇದು. 45 ಹರ್ಟ್ಜ್ ಕೆಳಗೆ 7 ಡೆಸಿಬೆಲ್ ಏರಿಸು ಅನ್ನುತ್ತಿದೆ. 250ರಿಂದ 350ರವರೆಗೆ 4 ಡೆಸಿಬೆಲ್ ತಗ್ಗಿಸು. 2.5ರಿಂದ 4 ಕಿಲೋಹರ್ಟ್ಜ್‌ವರೆಗೆ 3 ಏರಿಸು. 7 ಕಿಲೋಹರ್ಟ್ಜ್ ಹತ್ತಿರ ಚೂಪಾದ 5 ಡೆಸಿಬೆಲ್ ಹೊಂಡ. 12 ಕಿಲೋಹರ್ಟ್ಜ್ ಮೇಲೆ 6 ಏರಿಸು. ಒಂದೊಂದಾಗಿ ಹೋಗೋಣ.

45ರ ಕೆಳಗಿನದು ಸುಲಭ. ರೆಫರೆನ್ಸ್‌ನಲ್ಲಿ ಕೀಬೋರ್ಡ್ ಬೇಸ್ ಇದೆ, ನಮ್ಮದರಲ್ಲಿ ಆ ಜಾಗದಲ್ಲಿ ವಾದ್ಯವೇ ಇಲ್ಲ. ಅಲ್ಲಿ 7 ಡೆಸಿಬೆಲ್ ಏರಿಸಿದರೆ ಮೇಲೇಳುವುದು ಫ್ಯಾನಿನ ಸದ್ದು, ಬಿ.ಎಚ್. ರಸ್ತೆಯ ಲಾರಿ, ಮೈಕ್ ಸ್ಟ್ಯಾಂಡಿಗೆ ಕಾಲು ತಾಗಿದ ದಡದಡ. ಬಿಟ್ಟುಬಿಡಿ. ಬದಲಿಗೆ ದನಿಯ ಟ್ರ್ಯಾಕಿಗೆ 80 ಹರ್ಟ್ಜ್‌ನಲ್ಲಿ ಹೈಪಾಸ್ (ಅದಕ್ಕಿಂತ ಕೆಳಗಿನದನ್ನು ತೆಗೆಯುವ ಫಿಲ್ಟರ್) ಹಾಕಿ. ಪ, ಬ, ಭ ಅನ್ನುವಾಗ ಮೈಕಿಗೆ ಬಡಿಯುವ ಉಸಿರಿನ ದುಮ್ ಸದ್ದೂ ಅದರಿಂದ ತಗ್ಗುತ್ತದೆ.

250ರಿಂದ 350ರದ್ದು ನಿಜವಾದ ಸಮಸ್ಯೆ. ಮನೆ ರೆಕಾರ್ಡಿಂಗ್‌ಗಳಲ್ಲಿ ಮತ್ತೆ ಮತ್ತೆ ಕಾಣುವುದು. ಆದರೆ ಮಾಸ್ಟರ್ ಮೇಲೆ 4 ಡೆಸಿಬೆಲ್ ತಗ್ಗಿಸಬೇಡಿ. ದನಿಗೆ ಬೇಕಿದ್ದ ಔಷಧಿಯನ್ನು ತಬಲಾವೂ ಕುಡಿಯಬೇಕಾಗುತ್ತದೆ. ಟ್ರ್ಯಾಕ್‌ಗಳನ್ನು ಒಂದೊಂದೇ ಸೋಲೋ ಮಾಡಿ ಯಾರದು ಹೆಚ್ಚು ಎಂದು ನೋಡಿ. ಕಾರ್ಡಿಯಾಯ್ಡ್ ಮೈಕಿಗೆ ತೀರಾ ಹತ್ತಿರ ನಿಂತು ಹಾಡಿದರೆ ದನಿಯ ಕೆಳಭಾಗ ಊದಿಕೊಳ್ಳುತ್ತದೆ, ಪ್ರಾಕ್ಸಿಮಿಟಿ ಎಫೆಕ್ಟ್ ಅನ್ನುವುದು ಅದನ್ನೇ. ಒಂದು ಗೇಣು ದೂರ ನಿಂತು ಹಾಡಿದ್ದರೆ ಈ ಗೆರೆಯಲ್ಲಿ ಅರ್ಧ ಇರುತ್ತಲೇ ಇರಲಿಲ್ಲ. ಆಗಿಹೋದದ್ದಕ್ಕೆ, ದನಿಯಲ್ಲಿ 250ರ ಹತ್ತಿರ 2 ಡೆಸಿಬೆಲ್, ಕ್ಯೂ 1 ಇಟ್ಟು ತಗ್ಗಿಸಿ (ಕ್ಯೂ ಹೆಚ್ಚಿದಷ್ಟೂ ಈಕ್ಯೂ ಮುಟ್ಟುವ ಜಾಗ ಕಿರಿದು). ಹಾರ್ಮೋನಿಯಂನಲ್ಲಿ 350ರ ಹತ್ತಿರ 2. ಇಷ್ಟು ಮಾಡಿ ಮತ್ತೆ ಮ್ಯಾಚ್ ಅಳತೆ ತೆಗೆಯಿರಿ. ಮೊದಲು 4 ಇದ್ದದ್ದು ಈಗ 1.5ಕ್ಕೆ ಬಂದರೆ ದಾರಿ ಸರಿಯಿದೆ ಎಂದರ್ಥ.

ಈ "ಮತ್ತೆ ಅಳತೆ ತೆಗೆಯುವುದು" ಬಹಳ ಜನ ಬಿಟ್ಟುಬಿಡುವ ಹೆಜ್ಜೆ. ಅಳೆದು, ಕಾರಣ ಹುಡುಕಿ, ಆ ಟ್ರ್ಯಾಕಿನಲ್ಲಿ ಸರಿಮಾಡಿ, ಮತ್ತೆ ಅಳೆಯಬೇಕು. ಎರಡು ಮೂರು ಸುತ್ತು ಹೀಗೆ ಹೋದರೆ ಕೊನೆಗೆ ಮಾಸ್ಟರ್ ಮೇಲೆ ಮಾಡಲು ಉಳಿಯುವುದು ಒಂದೂವರೆ, ಎರಡು ಡೆಸಿಬೆಲ್ ಮಾತ್ರ. ಗೆರೆಯಲ್ಲಿ 6 ಡೆಸಿಬೆಲ್‌ಗಿಂತ ದೊಡ್ಡ ಏರಿಳಿತ ಕಂಡರೆ ಅದು ಮಾಸ್ಟರಿಂಗ್ ವಿಷಯವೇ ಅಲ್ಲ. ಮಿಕ್ಸಿಗೋ ರೆಕಾರ್ಡಿಂಗಿಗೋ ವಾಪಸ್ ಹೋಗಬೇಕು.

2.5ರಿಂದ 4 ಕಿಲೋಹರ್ಟ್ಜ್. ರೆಫರೆನ್ಸ್ ಕೇಳಿದರೆ ಅಲ್ಲಿ ಕೊಳಲು, ತಬಲಾದ ನಾ ಬೋಲ್ ಎರಡೂ ಮುಂದಿವೆ. ನಮ್ಮಲ್ಲಿ ಕೊಳಲು ಹಿಂದೆ ಕೂತಿದೆ. ಕೊಳಲಿನ ಫೇಡರ್ 1.5 ಡೆಸಿಬೆಲ್ ಏರಿಸಿ, ಈಕ್ಯೂ ಮುಟ್ಟಬೇಡಿ. ವಾಲ್ಯೂಮ್‌ನಿಂದ ಸರಿಹೋಗುವುದನ್ನು ಈಕ್ಯೂನಿಂದ ಮಾಡಿದರೆ, ಕೊಳಲು ಇಲ್ಲದ ಕಡೆಯೂ ದನಿ ಕಿರಿಚಲು ಶುರುವಾಗುತ್ತದೆ. ಇನ್ನೊಂದು ವಿಷಯ: ಸರಾಸರಿ ಗೆರೆ ಕ್ಷಣದ ಸದ್ದುಗಳನ್ನು ಮರೆಮಾಡುತ್ತದೆ. ತಬಲಾದ ಏಟಿನ ಚೂಪು ಕೆಲವೇ ಮಿಲಿಸೆಕೆಂಡ್, ಸರಾಸರಿಯಲ್ಲಿ ಅದಕ್ಕೆ ಜಾಗವೇ ಇಲ್ಲ. ರೆಫರೆನ್ಸ್‌ನಲ್ಲಿ ತಬಲಾ ಸ್ಫುಟವಾಗಿ ಕೇಳಲು ಕಾರಣ ಕಂಪ್ರೆಸರ್‌ನ ಅಟ್ಯಾಕ್ (ಅದು ಸದ್ದನ್ನು ಹಿಡಿಯಲು ಶುರುಮಾಡುವ ವೇಗ) ನಿಧಾನ ಇರುವುದೂ ಆಗಿರಬಹುದು. ಅದು ಈಕ್ಯೂ ಗೆರೆಯಲ್ಲಿ ಎಂದೂ ಕಾಣುವುದಿಲ್ಲ.

7 ಕಿಲೋಹರ್ಟ್ಜ್‌ನ ಚೂಪಾದ ಹೊಂಡ ಮಲೆನಾಡಿನವರಿಗೆ ಗುರುತು ಸಿಗಬೇಕು. ಜೀರುಂಡೆ! ಮಳೆಗಾಲಕ್ಕೆ ಮುಂಚಿನ ದಿನಗಳಲ್ಲಿ, ಅದರಲ್ಲೂ ಸಂಜೆ, ತೋಟದ ಬದಿಯ ಮನೆಯಲ್ಲಿ ರೆಕಾರ್ಡ್ ಮಾಡಿದರೆ ಅದು ಮೈಕಿಗೆ ಬಂದೇ ಬರುತ್ತದೆ. ಜಾತಿಯ ಮೇಲೆ 3ರಿಂದ 10 ಕಿಲೋಹರ್ಟ್ಜ್ ನಡುವೆ ಎಲ್ಲಿ ಬೇಕಾದರೂ ಕೂರುತ್ತದೆ, ಆದರೆ ಕೂತ ಕಡೆ ಇಕ್ಕಟ್ಟಾಗಿ, ಬಿಡದೆ ಕೂರುತ್ತದೆ. ನಮ್ಮ ಹಾಡಿನಲ್ಲಿ ಅಲ್ಲಿ ಶಕ್ತಿ ಹೆಚ್ಚಿದೆ ಎಂದು ಸಾಫ್ಟ್‌ವೇರ್ ಹೊಂಡ ತೋಡಿದೆ. ಅದನ್ನು ಮಾಸ್ಟರ್ ಮೇಲೆ ಒಪ್ಪಿಕೊಂಡರೆ ಸ, ಶ ಅಕ್ಷರಗಳು ತೊದಲಿದ ಹಾಗೆ ಕೇಳುತ್ತವೆ. ದನಿಯ ಟ್ರ್ಯಾಕಿನಲ್ಲಿ ಮಾತ್ರ ಕ್ಯೂ 8 ಅಥವಾ 10ರ ಕಿರಿದಾದ ಕಟ್ ಹಾಕಿ, ಹಾಡಿನ ನಡುವಿನ ಬಿಡುವುಗಳಲ್ಲಿ ಆ ಟ್ರ್ಯಾಕನ್ನು ಮ್ಯೂಟ್ ಮಾಡಿ. ಆಗಲೂ ಕಾಡಿದರೆ ಬೆಳಗ್ಗೆ ಮತ್ತೊಮ್ಮೆ ಹಾಡಿಸುವುದೇ ಸರಿ.

ಮಳೆಯದು ಇದಕ್ಕಿಂತ ಮೋಸದ್ದು. ಜೀರುಂಡೆ ಒಂದೇ ಜಾಗದಲ್ಲಿ ಕೂತರೆ ಹೆಂಚಿನ ಮೇಲೆ ಬೀಳುವ ಮಳೆ ಎಲ್ಲ ಫ್ರೀಕ್ವೆನ್ಸಿಯಲ್ಲೂ ಹರಡುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ತೀರ್ಥಹಳ್ಳಿ, ಹೊಸನಗರ, ಆಗುಂಬೆ ಕಡೆ ಹೆಂಚಿನ ಮನೆಯಲ್ಲಿ ರೆಕಾರ್ಡ್ ಮಾಡಿದವರಿಗೆ ಇದು ತಪ್ಪಿದ್ದಲ್ಲ. ದನಿ 10 ಕಿಲೋಹರ್ಟ್ಜ್ ಮೇಲೆ ತಾನಾಗಿಯೇ ಕ್ಷೀಣ, ಅಲ್ಲಿ ಮಳೆಯ ಸದ್ದೇ ಮೇಲುಗೈ. ಸಾಫ್ಟ್‌ವೇರ್ ಅದನ್ನು ದನಿಯ ಟ್ರೆಬಲ್ ಎಂದುಕೊಂಡು "ಮೇಲ್ಭಾಗ ಬೇಕಾದಷ್ಟಿದೆ" ಎಂದು ತೀರ್ಮಾನಿಸುತ್ತದೆ, ಕೆಲವೊಮ್ಮೆ ತಗ್ಗಿಸುತ್ತದೆ ಕೂಡ. ಫಲ: ಮಳೆಯ ಸದ್ದಂತೂ ಉಳಿದೇ ಇರುತ್ತದೆ, ಜೊತೆಗೆ ದನಿಯೂ ಮಂಕಾಗುತ್ತದೆ.

ಇದನ್ನು ಪರೀಕ್ಷಿಸುವುದು ಹೇಗೆ? ಪ್ರತಿ ರೆಕಾರ್ಡಿಂಗ್ ಶುರುಮಾಡುವ ಮುಂಚೆ ಯಾರೂ ಹಾಡದೆ, ನುಡಿಸದೆ 10 ಸೆಕೆಂಡ್ ಕೋಣೆಯ ಸದ್ದನ್ನು ಮಾತ್ರ ರೆಕಾರ್ಡ್ ಮಾಡಿ. ಆಮೇಲೆ ಸ್ಪ್ಯಾನ್‌ನಲ್ಲಿ ಆ ಸದ್ದಿನ ಗೆರೆ ಮತ್ತು ಹಾಡಿನ ಗೆರೆ ಎರಡನ್ನೂ ನೋಡಿ. ಸದ್ದು ಹಾಡಿಗಿಂತ 10 ಡೆಸಿಬೆಲ್ ಕೆಳಗಿದ್ದರೆ ಅದು ಅಳತೆಗೆ ಸೇರಿಸುವುದು 0.4 ಡೆಸಿಬೆಲ್ ಮಾತ್ರ, ಚಿಂತೆಯಿಲ್ಲ. 10ಕ್ಕಿಂತ ಹತ್ತಿರ ಬಂದ ಜಾಗದಲ್ಲಿ ಮ್ಯಾಚ್ ಗೆರೆ ಏನು ಹೇಳಿದರೂ ನಂಬಬೇಡಿ. ಆ 10 ಸೆಕೆಂಡಿನ ತುಣುಕು ಆಮೇಲೆ ನಾಯ್ಸ್ ತೆಗೆಯುವುದಕ್ಕೂ ಬೇಕಾಗುತ್ತದೆ. ನಾಯ್ಸ್ ತೆಗೆಯುವುದು ಯಾವಾಗಲೂ ಮ್ಯಾಚ್‌ಗಿಂತ ಮೊದಲು. ಹಾಗೆಯೇ ಮಳೆಗಾಲದಲ್ಲಿ ಕಂಡೆನ್ಸರ್ ಮೈಕ್ ಚಿಟಿಚಿಟಿ ಅನ್ನುವುದು ತೇವಾಂಶದಿಂದ. ಸಿಲಿಕಾ ಜೆಲ್ ಹಾಕಿದ ಗಾಳಿಯಾಡದ ಡಬ್ಬಿಯಲ್ಲಿಟ್ಟರೆ ತಡೆಯಬಹುದು. ಆ ಚಿಟಿಚಿಟಿಯನ್ನು ಯಾವ ಈಕ್ಯೂನಿಂದಲೂ ಸರಿಮಾಡಲಾಗದು.

ಕೊನೆಗೆ ಉಳಿದದ್ದು 12 ಕಿಲೋಹರ್ಟ್ಜ್ ಮೇಲಿನ 6 ಡೆಸಿಬೆಲ್. ರೆಫರೆನ್ಸ್‌ನಲ್ಲಿ ಮೇಲಿನ ಹೊಳಪು ಬಹುಪಾಲು ರಿವರ್ಬ್‌ನಿಂದ (ಕೋಣೆಯ ಮಾರ್ದನಿಯಂಥ ಎಫೆಕ್ಟ್) ಬಂದಿರಬಹುದು. ಅವರ ರಿವರ್ಬ್‌ನಲ್ಲಿ ಟ್ರೆಬಲ್ ಹೆಚ್ಚಿದೆ, ನಮ್ಮದರಲ್ಲಿ ಹೈಕಟ್ (ಮೇಲಿನ ಫ್ರೀಕ್ವೆನ್ಸಿ ಕತ್ತರಿಸುವ ಫಿಲ್ಟರ್) ಹಾಕಿದೆ. ಮೊದಲು ರಿವರ್ಬ್‌ನ ಹೈಕಟ್ ತೆರೆದು ನೋಡಿ. ಆಮೇಲೂ ಬೇಕೆನಿಸಿದರೆ 10 ಕಿಲೋಹರ್ಟ್ಜ್‌ನಲ್ಲಿ ಶೆಲ್ಫ್ (ಅಲ್ಲಿಂದ ಮೇಲಿನದನ್ನೆಲ್ಲ ಒಟ್ಟಿಗೆ ಏರಿಸುವ ಈಕ್ಯೂ) ಹಾಕಿ 1.5 ಡೆಸಿಬೆಲ್ ಏರಿಸಿ, ಅದಕ್ಕಿಂತ ಹೆಚ್ಚು ಬೇಡ. ಏರಿಸುವ ಮುಂಚೆ ದನಿಯ ಟ್ರ್ಯಾಕಿನಲ್ಲಿ ಡಿ-ಎಸ್ಸರ್ (ಸ, ಶಗಳ ಚೂಪು ತಗ್ಗಿಸುವ ಪ್ಲಗ್‌ಇನ್) ಇರಬೇಕು. ಕನ್ನಡದಲ್ಲಿ ಸ, ಶ, ಷ, ಚ, ಛ ಸಾಲುಸಾಲಾಗಿ ಬರುವ ಪದ್ಯಗಳಿಗೆ ಬರವಿಲ್ಲ. 6ರಿಂದ 9 ಕಿಲೋಹರ್ಟ್ಜ್ ಏರಿದರೆ ಮೊದಲು ಕಿವಿಗೆ ಚುಚ್ಚುವುದು ಅವೇ. ಟಿಡಿಆರ್ ನೋವಾ ಎಂಬ ಉಚಿತ ಡೈನಾಮಿಕ್ ಈಕ್ಯೂ (ಸದ್ದು ಜೋರಾದಾಗ ಮಾತ್ರ ಕೆಲಸ ಮಾಡುವ ಈಕ್ಯೂ) ಇದೆ, ಡಿ-ಎಸ್ಸರ್ ಇಲ್ಲದವರಿಗೆ ಅದರ ಒಂದು ಬ್ಯಾಂಡ್ ಸಾಕು.

ಹೀಗೆ ಎಲ್ಲ ಆದಮೇಲೆ ಮಾಸ್ಟರ್ ಮೇಲೆ ಕೈಯಾರೆ ಹಾಕುವ ಈಕ್ಯೂ ಎಷ್ಟು ಚಿಕ್ಕದು ನೋಡಿ: 300 ಹರ್ಟ್ಜ್‌ನಲ್ಲಿ ಕ್ಯೂ 0.7ರ ಅಗಲದ ಬೆಲ್ (ಗಂಟೆಯಾಕಾರದ ಈಕ್ಯೂ), ಮೈನಸ್ 1.5. 3 ಕಿಲೋಹರ್ಟ್ಜ್‌ನಲ್ಲಿ ಕ್ಯೂ 0.8, ಪ್ಲಸ್ 1. 10 ಕಿಲೋಹರ್ಟ್ಜ್ ಶೆಲ್ಫ್, ಪ್ಲಸ್ 1.5. ಮೂರೇ ಬ್ಯಾಂಡ್. ಮ್ಯಾಚ್ ಪ್ಲಗ್‌ಇನ್ ಅನ್ನು ಹಾಗೇ ಬಿಡುವುದಕ್ಕಿಂತ ಅದರ ಗೆರೆ ನೋಡಿ ಈ ಥರ ಕೈಯಿಂದ ಹಾಕುವುದು ನಮ್ಮ ದೃಷ್ಟಿಯಲ್ಲಿ ಯಾವತ್ತೂ ಒಳ್ಳೆಯದು, ಯಾಕೆಂದರೆ ಪ್ರತಿ ಬ್ಯಾಂಡಿಗೂ ಕಾರಣ ಏನೆಂದು ನಿಮಗೆ ಗೊತ್ತಿರುತ್ತದೆ. ಸಮಯವೇ ಇಲ್ಲ, ಪ್ಲಗ್‌ಇನ್ನನ್ನೇ ಬಿಡಬೇಕು ಅನ್ನುವಾಗ ಲಾಜಿಕ್‌ನಲ್ಲಿ ಅಪ್ಲೈ, ಓಝೋನ್‌ನಲ್ಲಿ ಅಮೌಂಟ್ ಅನ್ನುವ ಸ್ಲೈಡರ್ 30ರಿಂದ 50 ಪ್ರತಿಶತದಲ್ಲಿರಲಿ. ಫೇಸ್ ಆಯ್ಕೆಯಲ್ಲಿ ತಬಲಾ, ಮದ್ದಳೆ ಇರುವ ಹಾಡಿಗೆ ಮಿನಿಮಮ್ ಫೇಸ್ ಇಡಿ. ಲೀನಿಯರ್ ಫೇಸ್‌ನಲ್ಲಿ ಏಟಿಗೆ ಮುಂಚೆಯೇ ಅದರ ಸಣ್ಣ ನೆರಳು ಕೇಳುವ ಅಪಾಯವಿದೆ. ಕೆಳಗಿನ ಫ್ರೀಕ್ವೆನ್ಸಿಯಲ್ಲಿ, ಕಡಿದಾದ ಗೆರೆಯಲ್ಲಿ ಅದು ಹೆಚ್ಚು.

ಕೇಳುವ ಕೋಣೆಯ ಬಗ್ಗೆ ಒಂದು ಮಾತು. 12 ಅಡಿ ಉದ್ದ, 10 ಅಡಿ ಅಗಲದ ಆರ್‌ಸಿಸಿ ಕೋಣೆಯಲ್ಲಿ 47 ಮತ್ತು 56 ಹರ್ಟ್ಜ್‌ನಲ್ಲಿ ಸದ್ದು ಗೋಡೆಗಳ ನಡುವೆ ಪುಟಿದು ಗುಂಯ್‌ಗುಡುತ್ತದೆ. ಕುರ್ಚಿ ಒಂದಡಿ ಸರಿಸಿದರೆ ಬೇಸ್ ಬೇರೆಯೇ ಆಗುತ್ತದೆ. ಹಳೆಯ ಹೆಂಚಿನ ಮನೆಯ ಇಳಿಜಾರು ಮಾಡು ಒಂದು ಲೆಕ್ಕದಲ್ಲಿ ವಾಸಿ, ಅದು ನೆಲಕ್ಕೆ ಸಮಾನಾಂತರವಾಗಿಲ್ಲದ್ದರಿಂದ ಮಾಡಿಗೂ ನೆಲಕ್ಕೂ ನಡುವೆ ಸದ್ದು ಪುಟಿಯುವುದು ಕಡಿಮೆ. ಗೋಡೆಗೆ ಕಂಬಳಿ ತೂಗುಹಾಕಿದರೆ ಟ್ರೆಬಲ್ ಮಾತ್ರ ಹೀರುತ್ತದೆ, ಬೇಸ್ ಹಾಗೇ ಉಳಿಯುತ್ತದೆ. ಅಂಥ ಕೋಣೆಯಲ್ಲಿ ಸ್ಪೀಕರ್ ನಂಬಿ ಟ್ರೆಬಲ್ ಏರಿಸಿದ ಹಾಡು ಬೇರೆಯವರ ಮನೆಯಲ್ಲಿ ಕಿವಿ ಕುಯ್ಯುತ್ತದೆ. 100 ಹರ್ಟ್ಜ್ ಕೆಳಗಿನದನ್ನು ಹೆಡ್‌ಫೋನಿನಲ್ಲೇ ತೀರ್ಮಾನಿಸಿ, ಮತ್ತು ಯಾವಾಗಲೂ ರೆಫರೆನ್ಸ್ ಪಕ್ಕದಲ್ಲಿಟ್ಟೇ ಕೇಳಿ. ಕೋಣೆಯ ದೋಷ ಎರಡು ಹಾಡಿಗೂ ಒಂದೇ ಥರ ಹತ್ತುವುದರಿಂದ ಹೋಲಿಕೆ ಆಗಲೂ ನಿಲ್ಲುತ್ತದೆ.

ಸಭೆಯಿಂದ ಬಂದ ಕೆಲವು ಪ್ರಶ್ನೆಗಳು.

ಹಳೆಯ ಕ್ಯಾಸೆಟ್ಟಿನ ಭಾವಗೀತೆಗಳ ಟೋನ್ ಬೇಕು, ಅವನ್ನು ರೆಫರೆನ್ಸ್ ಮಾಡಬಹುದೇ? ಮಾಡಬಹುದು, ಮಧ್ಯಭಾಗಕ್ಕೆ ಮಾತ್ರ. 150 ಹರ್ಟ್ಜ್‌ನಿಂದ 5 ಕಿಲೋಹರ್ಟ್ಜ್‌ವರೆಗೆ ದನಿಗೂ ವಾದ್ಯಕ್ಕೂ ಇರುವ ಪಾಲನ್ನು ಅವುಗಳಿಂದ ಕಲಿಯಬಹುದು. ಮೇಲಿನದು ಟೇಪಿನ ಸವಕಳಿ ಮತ್ತು ಹಿಸ್, ಅದನ್ನು ಅನುಕರಿಸಬೇಕಿಲ್ಲ. ಟೇಪ್ ಓಡುವ ವೇಗ ಹೆಚ್ಚು ಕಡಿಮೆಯಾಗಿದ್ದರೆ ಶ್ರುತಿಯೂ ಸರಿದಿರುತ್ತದೆ, ಹಾರ್ಮೋನಿಯಂ ಹಿಡಿದು ನೋಡಿಕೊಳ್ಳಿ.

ಯಕ್ಷಗಾನದ ರೆಕಾರ್ಡಿಂಗ್‌ಗೆ ಇದು ನಡೆಯುತ್ತದೆಯೇ? ಇಡೀ ಪ್ರಸಂಗಕ್ಕೆ ಒಂದೇ ಗೆರೆ ಹಾಕಿದರೆ ನಡೆಯುವುದಿಲ್ಲ. ಭಾಗವತರು ಮದ್ದಳೆಯೊಂದಿಗೆ ಹಾಡುವ ಭಾಗ, ಚಂಡೆ ಸೇರಿದ ಭಾಗ, ಅರ್ಥಗಾರಿಕೆಯ ಮಾತು, ಈ ಮೂರರ ಗೆರೆಗಳು ಮೂರು ಬಗೆ. ಚಂಡೆ ಬಂದ ಕ್ಷಣ ಮೇಲಿನ ಮಿಡ್ ತುಂಬಿಹೋಗುತ್ತದೆ. ಅದನ್ನೂ ಸೇರಿಸಿ ಸರಾಸರಿ ತೆಗೆದರೆ "ಟ್ರೆಬಲ್ ಜಾಸ್ತಿ" ಎಂದು ಬಂದು, ಪದ್ಯದ ಸಾಹಿತ್ಯ ಕೇಳದಂತೆ ಆಗುತ್ತದೆ. ಮೂರನ್ನೂ ಕತ್ತರಿಸಿ ಬೇರೆ ಬೇರೆ ಅಳೆಯಿರಿ. ಪದ್ಯದ ಭಾಗದ ಅಳತೆಯನ್ನೇ ಮುಖ್ಯವಾಗಿಟ್ಟುಕೊಂಡು ಮಾಸ್ಟರ್ ಈಕ್ಯೂ ಹಾಕಿ. ಚಂಡೆಗೆ ಪ್ರತ್ಯೇಕ ಮೈಕ್ ಇದ್ದರೆ ಅದರ ಮೇಲೆ, ಇಲ್ಲದಿದ್ದರೆ ಡೈನಾಮಿಕ್ ಈಕ್ಯೂನಿಂದ 2ರಿಂದ 5 ಕಿಲೋಹರ್ಟ್ಜ್‌ನಲ್ಲಿ ಚಂಡೆ ಬಂದಾಗ ಮಾತ್ರ 2, 3 ಡೆಸಿಬೆಲ್ ತಗ್ಗುವಂತೆ ಮಾಡಿ. ಜಾಗಟೆಯ ಲೋಹದ ಗುಣುಗು ಕೂಡ ಶ್ರುತಿಯಂತೆಯೇ ಗೆರೆಯಲ್ಲಿ ಚೂಪಾದ ಶಿಖರ ಮಾಡುತ್ತದೆ, ಅದನ್ನು ಬೆನ್ನಟ್ಟಿ ಹೋಗಬೇಡಿ.

ರೆಫರೆನ್ಸ್‌ನಷ್ಟೇ ಜೋರೂ ಆಗಬೇಕಲ್ಲ? ಯೂಟ್ಯೂಬ್, ಸ್ಪಾಟಿಫೈ ಎರಡೂ ಸುಮಾರು ಮೈನಸ್ 14 ಎಲ್‌ಯುಎಫ್‌ಎಸ್‌ಗಿಂತ ಜೋರಿರುವುದನ್ನು ಇಳಿಸಿಯೇ ಕೇಳಿಸುತ್ತವೆ. ಭಾವಗೀತೆಯನ್ನು ಮೈನಸ್ 9ಕ್ಕೆ ತಳ್ಳಿ ತಬಲಾವನ್ನು ಚಪ್ಪಟೆ ಮಾಡುವುದರಿಂದ ಲಾಭವಿಲ್ಲ. ಟ್ರೂ ಪೀಕ್ (ಸದ್ದು ಮುಟ್ಟುವ ನಿಜವಾದ ತುತ್ತತುದಿ) ಮೈನಸ್ 1 ಡೆಸಿಬೆಲ್‌ನಲ್ಲಿ ನಿಲ್ಲಿಸಿ. ಈಕ್ಯೂ ಹಾಕಿ ಮುಗಿದ ಮೇಲೆ, ಮೊದಲಿನ ಮಿಕ್ಸ್ ಮತ್ತು ಈಗಿನದನ್ನು ಒಂದೇ ಎಲ್‌ಯುಎಫ್‌ಎಸ್‌ಗೆ ತಂದು ಕಣ್ಣುಮುಚ್ಚಿ ಬದಲಾಯಿಸುತ್ತಾ ಕೇಳಿ. ಬರೀ ಜೋರಾದದ್ದೇ ಚೆನ್ನಾಗಿ ಕೇಳಿದೆಯೋ ಎಂದು ಆಗ ತಿಳಿಯುತ್ತದೆ.

ಭದ್ರಾವತಿ ಆಕಾಶವಾಣಿಯ ಎಫ್‌ಎಂನಲ್ಲಿ ಬರುವ ಹಾಡಿಗೆ ಬೇರೆ ಮಾಸ್ಟರ್ ಬೇಕೇ? ಬೇರೆ ಮಾಸ್ಟರ್ ಬೇಡ, ಒಂದು ಎಚ್ಚರ ಸಾಕು. ಎಫ್‌ಎಂನಲ್ಲಿ 15 ಕಿಲೋಹರ್ಟ್ಜ್ ಮೇಲಿನದು ಹೋಗುವುದೇ ಇಲ್ಲ, ಮತ್ತು ಪ್ರಸಾರಕ್ಕೆ ಮುಂಚೆ ಟ್ರೆಬಲ್ ಏರಿಸಿ ಕಳಿಸುತ್ತಾರೆ, ರೇಡಿಯೋ ಅದನ್ನು ಮತ್ತೆ ಇಳಿಸುತ್ತದೆ. ಹೀಗೆ ಏರಿಸಿದಾಗ ನಿಮ್ಮ ಹಾಡಿನ ಸ, ಶಗಳು ಮೊದಲೇ ಚೂಪಾಗಿದ್ದರೆ ಅಲ್ಲಿನ ಲಿಮಿಟರ್‌ಗೆ ತಾಗಿ ಒಡೆದು ಕೇಳುತ್ತವೆ. ಆದ್ದರಿಂದ 10 ಕಿಲೋಹರ್ಟ್ಜ್ ಶೆಲ್ಫನ್ನು 1ಕ್ಕೆ ಇಳಿಸಿ, ಡಿ-ಎಸ್ಸರ್ ಇನ್ನೆರಡು ಡೆಸಿಬೆಲ್ ಹೆಚ್ಚು ಹಿಡಿಯುವಂತೆ ಮಾಡಿ. ಫೈಲನ್ನು ಎಂಪಿ3 ಮಾಡದೆ ವೇವ್‌ನಲ್ಲೇ ಕೊಡಿ.